ಕಿಲೋಮೀಟರಿನ ಒತ್ತು ಎಲ್ಲಿ? ಆಸ್ಟ್ರೇಲಿಯಾದ ಒಂದು ಉಚ್ಚಾರಣಾ ವಿವಾದದ ಪ್ರಕರಣ ಅಧ್ಯಯನ

ಮೈಲಿ, ಪೌಂಡು, ಗ್ಯಾಲನ್‌ಗಳನ್ನು ಬಿಟ್ಟು ಮೆಟ್ರಿಕ್ ಪದ್ಧತಿಗೆ ಬದಲಾಗುವುದೆಂದು ಆಸ್ಟ್ರೇಲಿಯಾ 1970ರಲ್ಲಿ ಕಾನೂನು ಮಾಡಿತು. ಬದಲಾವಣೆಯನ್ನು ನಡೆಸಿಕೊಡಲು ಮೆಟ್ರಿಕ್ ಪರಿವರ್ತನಾ ಮಂಡಳಿಯನ್ನು ನೇಮಿಸಲಾಯಿತು. 1974ರ ಜುಲೈನಲ್ಲಿ ದೇಶದ ರಸ್ತೆಗಳ ಫಲಕಗಳು ಮೈಲಿಯಿಂದ ಕಿಲೋಮೀಟರಿಗೆ ಬದಲಾದವು. ಅಲ್ಲಿಯವರೆಗೆ ವಿಜ್ಞಾನದ ಪಾಠಗಳಲ್ಲಿ ಮಾತ್ರ ಹೆಚ್ಚಾಗಿ ಕೇಳಿಬರುತ್ತಿದ್ದ ಪದವೊಂದು ಲಾರಿ ಚಾಲಕರ, ಪೊಲೀಸರ, ರೇಡಿಯೊ ವಾರ್ತೆ ಓದುವವರ ಬಾಯಿಗೆ ದಿನವೂ ಬರುವಂತಾದಾಗ, ಅದನ್ನು ಹೇಗೆ ಉಚ್ಚರಿಸಬೇಕೆಂಬ ಪ್ರಶ್ನೆಯೂ ಹುಟ್ಟಿತು. ಮೊದಲ ಅಕ್ಷರಕ್ಕೆ ಒತ್ತು ಕೊಡುವ ಉಚ್ಚಾರಣೆಯೇ ಅಧಿಕೃತವೆಂದು ಮಂಡಳಿ ಘೋಷಿಸಿತು. ಆಗ ಪ್ರಧಾನಿಯಾಗಿದ್ದ ಗಾಫ್ ವಿಟ್ಲಮ್ ಇದನ್ನು ಒಪ್ಪಲಿಲ್ಲ. ಪದದ ಎರಡೂ ಭಾಗಗಳು ಗ್ರೀಕ್ ಮೂಲದವು, ಆದ್ದರಿಂದ ಎರಡನೆಯ ಅಕ್ಷರಕ್ಕೆ ಒತ್ತು ಬೀಳುವುದೇ ಸರಿ ಎಂಬುದು ಅವರ ಪಟ್ಟು. ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಗ್ರೀಕ್-ಲ್ಯಾಟಿನ್ ಅಭಿಜಾತ ಸಾಹಿತ್ಯವನ್ನು ಓದಿ ವಕೀಲರಾಗಿದ್ದ ವ್ಯಕ್ತಿಯಿಂದ ಇಂಥ ವಾದ ಬಂದದ್ದು ಅನಿರೀಕ್ಷಿತವೇನಲ್ಲ. ಸರ್ಕಾರ ನಡೆಸುವವರು ತಮ್ಮದೇ ಮಂಡಳಿಯೊಂದಿಗೆ ಒಂದು ಅಕ್ಷರದ ಮೇಲಿನ ಒತ್ತಿಗಾಗಿ ವಾದಕ್ಕೆ ಇಳಿದದ್ದು ಮಾತ್ರ ಅಪರೂಪದ ಸಂಗತಿ.

ಇಂಗ್ಲಿಷಿನಲ್ಲಿ ಒತ್ತಿಗೂ ಪ್ರತ್ಯಯಗಳಿಗೂ ಇರುವ ನಂಟನ್ನು ಅರಿಯಲು ಈ ಒಂದು ಪದದಷ್ಟು ಅನುಕೂಲವಾದ ಉದಾಹರಣೆ ಬೇರೆ ಸಿಗುವುದು ಕಷ್ಟ. ಪಠ್ಯಪುಸ್ತಕಗಳು ಕೊಡುವ ನಿಯಮಗಳಲ್ಲಿ ಎರಡು ಇಲ್ಲಿ ಎದುರುಬದುರಾಗಿ ನಿಲ್ಲುತ್ತವೆ, ಎರಡಕ್ಕೂ ಬೆಂಬಲವಿದೆ, ಯಾವುದೂ ಪೂರ್ತಿಯಾಗಿ ಗೆದ್ದಿಲ್ಲ.

ಮೊದಲು ಬರವಣಿಗೆಯ ಒಂದು ಏರ್ಪಾಡು. ಒತ್ತು ಬೀಳುವ ಅಕ್ಷರದ ಮುಂಚೆ ˈ ಎಂಬ ಗೆರೆಯನ್ನು ಇಟ್ಟಿದ್ದೇನೆ. ಇಲ್ಲಿ ‘ಅಕ್ಷರ’ ಎಂದರೆ ಉಚ್ಚಾರಣೆಯ ಒಂದು ತುಣುಕೇ ಹೊರತು ಇಂಗ್ಲಿಷ್ ವರ್ಣಮಾಲೆಯ ಲಿಪಿಚಿಹ್ನೆಯಲ್ಲ. ಇಂಗ್ಲಿಷಿನ ಸ್ವರಗಳನ್ನು ಕನ್ನಡ ಲಿಪಿ ಯಥಾವತ್ತಾಗಿ ಹಿಡಿಯಲಾರದು. ಒತ್ತಿಲ್ಲದ ಕಡೆ ಬರುವ ಮಸುಕಾದ ಸ್ವರವನ್ನು ‘ಅ’ ಅಥವಾ ‘ಇ’ ಎಂದು ಬರೆದಿರುವುದು ಸುಮಾರು ಸರಿ ಎಂಬಷ್ಟೇ.

ಮಂಡಳಿಯ ರೂಪ ˈಕಿಲಮೀಟರ್. ವಿಟ್ಲಮ್ ಅವರ ರೂಪ ಕಿˈಲಾಮಿಟರ್. ಎರಡರ ನಡುವೆ ಬದಲಾಗುವುದು ಒತ್ತಿನ ಜಾಗ ಮಾತ್ರವಲ್ಲ. ಮೊದಲನೆಯದರಲ್ಲಿ ‘ಲೋ’ ಕುಗ್ಗಿ ಮಸುಕಾದ ‘ಲ’ ಆಗುತ್ತದೆ, ಆದರೆ ‘ಮೀ’ ತನ್ನ ದೀರ್ಘವನ್ನು ಉಳಿಸಿಕೊಂಡು ಎರಡನೆಯ ದರ್ಜೆಯ ಒತ್ತನ್ನೂ ಪಡೆಯುತ್ತದೆ. ಹಾಗಾಗಿ ಕೇಳುವವರಿಗೆ ‘ಮೀಟರ್’ ಎಂಬ ಪದ ಒಳಗೆ ಇಡಿಯಾಗಿಯೇ ಕೇಳಿಸುತ್ತದೆ. ಎರಡನೆಯದರಲ್ಲಿ ಒತ್ತು ಹೊತ್ತ ‘ಲಾ’ ಅರಳುತ್ತದೆ, ಅದರ ನೆರೆಯ ಸ್ವರಗಳು ಮುದುಡುತ್ತವೆ. ‘ಮೀಟರ್’ ಅಲ್ಲಿ ‘ಮಿಟರ್’ ಆಗಿ ಗುರುತೇ ಸಿಗದಂತಾಗುತ್ತದೆ. ಇಂಗ್ಲಿಷಿನಲ್ಲಿ ಒತ್ತು ಎಂಬುದು ಧ್ವನಿಯ ಏರಿಳಿತವಷ್ಟೇ ಅಲ್ಲ, ಯಾವ ಸ್ವರ ಬದುಕಬೇಕು, ಯಾವುದು ಮಸುಕಾಗಬೇಕು ಎಂದು ತೀರ್ಮಾನಿಸುವ ಅಧಿಕಾರವೂ ಅದಕ್ಕಿದೆ. ಕನ್ನಡಿಗರಾದ ನಾವು ಇದನ್ನು ಸುಲಭವಾಗಿ ಮರೆಯುತ್ತೇವೆ, ಏಕೆಂದರೆ ನಮ್ಮ ಭಾಷೆಯಲ್ಲಿ ಪದದ ಅರ್ಥವನ್ನು ಕಾಯುವುದು ಹ್ರಸ್ವ ದೀರ್ಘಗಳೇ ಹೊರತು ಒತ್ತಲ್ಲ.

ಎರಡು ಬಗೆಯ ಪ್ರತ್ಯಯಗಳು

ವಿವಾದದ ಬೇರು ಇಂಗ್ಲಿಷಿನ ಪದರಚನೆಯಲ್ಲಿದೆ. ಆ ಭಾಷೆಯ ಪ್ರತ್ಯಯಗಳು ಒತ್ತಿನ ವಿಷಯದಲ್ಲಿ ಎರಡು ಪಂಗಡಗಳಾಗಿ ಒಡೆಯುತ್ತವೆ. ‘ನೆಸ್’, ‘ಲೆಸ್’, ‘ಫುಲ್’, ‘ಹುಡ್’, ‘ಲಿ’ ಮುಂತಾದ ದೇಸಿ ಜರ್ಮ್ಯಾನಿಕ್ ಪ್ರತ್ಯಯಗಳು ಪ್ರಕೃತಿಯ, ಎಂದರೆ ತಾವು ಸೇರುವ ಮೂಲಪದದ, ಒತ್ತನ್ನು ಮುಟ್ಟುವುದಿಲ್ಲ: ˈಹ್ಯಾಪಿ ಎಂಬುದು ˈಹ್ಯಾಪಿನೆಸ್ ಆಗುತ್ತದೆ, ˈಕೇರ್ ಎಂಬುದಕ್ಕೆ ಎರಡು ಪ್ರತ್ಯಯ ಸೇರಿ ˈಕೇರ್‌ಲೆಸ್‌ನೆಸ್ ಆದರೂ ಒತ್ತು ಇದ್ದಲ್ಲೇ ಇರುತ್ತದೆ. ಗ್ರೀಕ್ ಲ್ಯಾಟಿನ್‌ಗಳಿಂದ, ಬಹುಪಾಲು ಫ್ರೆಂಚಿನ ಮೂಲಕ, ಬಂದ ‘ಇಕ್’, ‘ಇಟಿ’, ‘ಇಯನ್’ ಮೊದಲಾದವು ಹಾಗಲ್ಲ. ಅವು ಒತ್ತನ್ನು ತಮಗೆ ಬೇಕಾದ ಕಡೆಗೆ ಎಳೆದುಕೊಳ್ಳುತ್ತವೆ. ˈಫೋಟಗ್ರಾಫ್, ಫˈಟಾಗ್ರಫಿ, ಫೋಟˈಗ್ರ್ಯಾಫಿಕ್ ಎಂಬ ಮೂರು ರೂಪಗಳು ಇದರ ಹಳೆಯ ಉದಾಹರಣೆ. ಒಂದೇ ಕುಟುಂಬದ ಈ ಮೂರೂ ಪದಗಳಲ್ಲಿ ಒತ್ತು ಬೇರೆ ಬೇರೆ ಅಕ್ಷರದ ಮೇಲಿದೆ, ಸ್ವರಗಳೂ ಅದಕ್ಕೆ ತಕ್ಕಂತೆ ಬದಲಾಗಿವೆ. 1968ರಲ್ಲಿ ಭಾಷಾವಿಜ್ಞಾನಿಗಳಾದ ನೋಮ್ ಚಾಮ್‌ಸ್ಕಿ ಮತ್ತು ಮಾರಿಸ್ ಹ್ಯಾಲೆ ಇಂಗ್ಲಿಷಿನ ಧ್ವನಿವ್ಯವಸ್ಥೆಯನ್ನು ವಿವರಿಸುವಾಗ ಪ್ರಕೃತಿಗೂ ಪ್ರತ್ಯಯಕ್ಕೂ ನಡುವಿನ ಗಡಿಯೇ ಎರಡು ಬಗೆಯದೆಂದು ಗುರುತಿಸಿದರು. 1974ರಲ್ಲಿ ಡಾರತಿ ಸೀಗಲ್ ತಮ್ಮ ಸಂಶೋಧನಾ ಪ್ರಬಂಧದಲ್ಲಿ ಪ್ರತ್ಯಯಗಳನ್ನೇ ಎರಡು ವರ್ಗಗಳಾಗಿ ವಿಂಗಡಿಸಿದರು.

ಈ ವಿಭಾಗ ಕನ್ನಡ ಓದುಗರಿಗೆ ಹೊಸದಾಗಿ ಕಾಣಬೇಕಾಗಿಲ್ಲ. ‘ಬಡ’ ಎಂಬುದಕ್ಕೆ ದೇಸಿ ಪ್ರತ್ಯಯ ಸೇರಿ ‘ಬಡತನ’ ಆಗುವಾಗ ಪ್ರಕೃತಿಯ ಒಂದು ಸ್ವರವೂ ಅಲುಗುವುದಿಲ್ಲ. ಸಂಸ್ಕೃತದ ‘ಇಕ’ ಸೇರಿದಾಗ ಮಾತ್ರ ‘ಸಮಾಜ’ ಎಂಬುದು ‘ಸಾಮಾಜಿಕ’, ‘ಇತಿಹಾಸ’ ಎಂಬುದು ‘ಐತಿಹಾಸಿಕ’, ‘ಭೂಗೋಳ’ ಎಂಬುದು ‘ಭೌಗೋಳಿಕ’ ಆಗುತ್ತದೆ. ಹೊರಗಿನಿಂದ ಬಂದ ಪ್ರತ್ಯಯ ತನ್ನ ತವರಿನ ನಿಯಮವನ್ನು ಜೊತೆಗೇ ಹೊತ್ತು ತರುತ್ತದೆ. ಸಂಸ್ಕೃತದ ಪ್ರತ್ಯಯ ಮೊದಲ ಸ್ವರಕ್ಕೆ ವೃದ್ಧಿಯನ್ನು ತಂದರೆ, ಗ್ರೀಕ್ ಲ್ಯಾಟಿನ್ ಪ್ರತ್ಯಯಗಳು ಒತ್ತಿನ ಜಾಗವನ್ನು ಬದಲಿಸುತ್ತವೆ. ಇಂಗ್ಲಿಷ್ ಕಲಿಸುವ ನಮ್ಮ ತರಗತಿಗಳಲ್ಲಿ ಈ ಹೋಲಿಕೆಯನ್ನು ಬಳಸಿಕೊಳ್ಳುವವರು ಕಡಿಮೆ ಎಂಬುದು ನನಗೆ ಸದಾ ಸೋಜಿಗ.

ಎರಡು ಕುಟುಂಬಗಳ ನಡುವೆ ಒಂದು ಪದ

‘ಕಿಲೋಮೀಟರ್’ ಸಹಜವಾಗಿ ಬೆಳೆದ ಪದವಲ್ಲ. ಸಮಿತಿಯಲ್ಲಿ ಕುಳಿತು ಕಟ್ಟಿದ ಪದ. ಕ್ರಾಂತಿಯ ನಂತರದ ಫ್ರಾನ್ಸ್ 1795ರ ಏಪ್ರಿಲ್ 7ರ ಕಾನೂನಿನಲ್ಲಿ ಮೀಟರನ್ನು ಮೂಲಮಾನವಾಗಿ ಇಟ್ಟುಕೊಂಡು, ಹಿರಿಯ ಅಳತೆಗಳಿಗೆ ಗ್ರೀಕಿನಿಂದ ‘ಡೆಕ’, ‘ಹೆಕ್ಟೊ’, ‘ಕಿಲೊ’ಗಳನ್ನೂ ಕಿರಿಯ ಅಳತೆಗಳಿಗೆ ಲ್ಯಾಟಿನ್ನಿನಿಂದ ‘ಡೆಸಿ’, ‘ಸೆಂಟಿ’, ‘ಮಿಲಿ’ಗಳನ್ನೂ ಆರಿಸಿ ಮುಂದೆ ಜೋಡಿಸಿತು. ‘ಕಿಲೊ’ ಎಂಬುದು ಸಾವಿರ ಎಂಬರ್ಥದ ಗ್ರೀಕ್ ‘ಖಿಲಿಯೊಯ್’ ಪದವನ್ನು ಸಾಕಷ್ಟು ಕತ್ತರಿಸಿ ಮಾಡಿದ ರೂಪ. ಪದ ಇಂಗ್ಲಿಷಿಗೆ ಬಂದಾಗ ಅದನ್ನು ಕೂರಿಸಲು ಎರಡು ಮನೆಗಳು ಸಿದ್ಧವಾಗಿದ್ದವು.

ಒಂದು, ಅಳತೆಯ ಘಟಕಗಳ ಮನೆ. ˈಕಿಲಗ್ರ್ಯಾಮ್, ˈಕಿಲವಾಟ್, ˈಕಿಲಲೀಟರ್, ˈಸೆಂಟಿಮೀಟರ್, ˈಮಿಲಿಮೀಟರ್ ಎಲ್ಲಕ್ಕೂ ಒತ್ತು ಮೊದಲ ಅಕ್ಷರದ ಮೇಲೆ. ಪೂರ್ವಪದ ಎಷ್ಟು ಪಟ್ಟು ಎಂದು ಹೇಳುತ್ತದೆ, ಉತ್ತರಪದ ಯಾವ ಘಟಕ ಎಂದು ಹೇಳುತ್ತದೆ, ಎರಡೂ ತಮ್ಮ ರೂಪ ಕಳೆದುಕೊಳ್ಳದೆ ಪಕ್ಕಪಕ್ಕ ನಿಲ್ಲುತ್ತವೆ. ಈ ಮನೆಯ ಲೆಕ್ಕದಲ್ಲಿ ˈಕಿಲಮೀಟರ್ ಎಂಬುದೊಂದೇ ಸಾಧ್ಯ.

ಇನ್ನೊಂದು, ಅಳೆಯುವ ಉಪಕರಣಗಳ ಮನೆ. ಥರ್ˈಮಾಮಿಟರ್, ಬˈರಾಮಿಟರ್, ಕ್ರˈನಾಮಿಟರ್, ಪೆˈಡಾಮಿಟರ್, ಓˈಡಾಮಿಟರ್, ಸ್ಪೀˈಡಾಮಿಟರ್ ಎಲ್ಲದರಲ್ಲೂ ಎರಡು ಭಾಗಗಳನ್ನು ಬೆಸೆಯುವ ‘ಒ’ ಸ್ವರವೇ ಒತ್ತನ್ನು ಹೊರುತ್ತದೆ, ಅದು ಕೊನೆಯಿಂದ ಮೂರನೆಯ ಅಕ್ಷರ. ‘ಸ್ಪೀಡ್’ ಅಪ್ಪಟ ದೇಸಿ ಇಂಗ್ಲಿಷ್ ಪದವಾದರೂ ಈ ಅಚ್ಚಿಗೆ ಬಿದ್ದ ಕೂಡಲೇ ಗ್ರೀಕ್ ಬಂಧುಗಳಂತೆ ನಡೆಯುತ್ತದೆ ಎಂಬುದನ್ನು ಗಮನಿಸಬೇಕು. ಇಲ್ಲಿ ಕೆಲಸ ಮಾಡುತ್ತಿರುವುದು ಪದದ ಹುಟ್ಟಲ್ಲ, ಅಚ್ಚಿನ ಬಲ. ವ್ಯಾಸ ಎಂಬರ್ಥದ ಡೈˈಆ್ಯಮಿಟರ್, ಸುತ್ತಳತೆ ಎಂಬರ್ಥದ ಪˈರಿಮಿಟರ್, ಐದು ಗಣಗಳ ಪದ್ಯಪಾದವಾದ ಪೆನ್ˈಟ್ಯಾಮಿಟರ್ ಉಪಕರಣಗಳಲ್ಲದಿದ್ದರೂ ಇದೇ ಲಯದಲ್ಲಿವೆ. ‘ಕಿಲೊ’ದ ಕೊನೆಯಲ್ಲಿ ‘ಒ’ ಇದೆ, ಅದರ ಮುಂದೆ ‘ಮೀಟರ್’ ಇದೆ. ಕಿವಿಗೆ ಇದು ಆ ಅಚ್ಚಿನದೇ ಪದದಂತೆ ಕಂಡರೆ ಆಶ್ಚರ್ಯವಿಲ್ಲ. ‘ಸೆಂಟಿ’, ‘ಮಿಲಿ’ಗಳ ಕೊನೆಯಲ್ಲಿರುವುದು ‘ಇ’, ಆದ್ದರಿಂದ ಅವು ಈ ಸೆಳೆತಕ್ಕೆ ಸಿಗಲಿಲ್ಲ. ‘ಕಿಲಗ್ರ್ಯಾಮ್’, ‘ಕಿಲವಾಟ್’ಗಳಿಗೆ ಹೀಗೆ ಎಳೆಯುವ ಉಪಕರಣಗಳ ಸಾಲೇ ಇರಲಿಲ್ಲ. ಕಿಲೋಮೀಟರ್ ಒಂದೇ ಎರಡೂ ಕಡೆಯ ಲಕ್ಷಣಗಳನ್ನು ಹೊತ್ತು ಗಡಿಯ ಮೇಲೆ ನಿಂತಿತು. ಅದರ ಮೇಲೆ, ಕಾರು ಓಡಿಸುವವನ ಕಣ್ಣಮುಂದೆ ಸ್ಪೀˈಡಾಮಿಟರ್ ಮತ್ತು ಓˈಡಾಮಿಟರ್‌ಗಳೇ ಕಿಲೋಮೀಟರುಗಳನ್ನು ತೋರಿಸುತ್ತಿರುತ್ತವೆ. ಪದಗಳು ಒಂದನ್ನೊಂದು ಎಳೆಯಲು ಇದಕ್ಕಿಂತ ಹತ್ತಿರದ ನೆರೆ ಬೇಕಾಗಿಲ್ಲ.

ಬ್ರಿಟಿಷ್ ಮತ್ತು ಆಸ್ಟ್ರೇಲಿಯನ್ ಬರವಣಿಗೆಯಲ್ಲಿ ಘಟಕವಾದ ಮೀಟರಿನ ಕೊನೆಗೆ ‘ಆರ್-ಇ’, ಉಪಕರಣವಾದ ಮೀಟರಿನ ಕೊನೆಗೆ ‘ಇ-ಆರ್’ ಬರೆಯುತ್ತಾರೆ. ಅಮೆರಿಕದಲ್ಲಿ ಎರಡಕ್ಕೂ ‘ಇ-ಆರ್’ ಒಂದೇ. ಗೊಂದಲಕ್ಕೆ ಅಮೆರಿಕದ ಕಾಗುಣಿತವೇ ಕಾರಣವೆಂದು ಹೇಳುವುದು ಸುಲಭ, ಅಲ್ಲಿನ ನಿಘಂಟುಗಳಲ್ಲಿ ಕಿˈಲಾಮಿಟರ್‌ಗೆ ಮೊದಲ ಸ್ಥಾನ ಸಿಗುವುದೂ ನಿಜ. ಆದರೆ ಕಾಗುಣಿತ ಸ್ಪಷ್ಟವಾಗಿ ಬೇರೆಯಾಗಿರುವ ಆಸ್ಟ್ರೇಲಿಯಾ ಮತ್ತು ಬ್ರಿಟನ್ನಿನಲ್ಲೂ ಇದೇ ರೂಪ ಬೇರೂರಿದೆ. ಜನ ಮಾತಾಡುವಾಗ ಕಾಗುಣಿತವನ್ನು ನೋಡಿಕೊಂಡು ಮಾತಾಡುವುದಿಲ್ಲ.

ವಿಟ್ಲಮ್ ವಾದದ ತೂಕ

ಪ್ರಧಾನಿಯ ವಾದವನ್ನು ಹಾಸ್ಯಕ್ಕೆ ತಳ್ಳಿಬಿಡುವಂತಿಲ್ಲ. ಆಧುನಿಕ ಗ್ರೀಕಿನಲ್ಲಿ ಈ ಪದ ಖಿಲಿˈಯೊಮೆತ್ರೊ, ಒತ್ತು ಬೆಸುಗೆಯ ‘ಒ’ ಮೇಲೆಯೇ ಇದೆ. ಲ್ಯಾಟಿನ್ನಿನ ನಿಯಮದಿಂದ ಲೆಕ್ಕ ಹಾಕಿದರೂ ಉತ್ತರ ಅದೇ. ಆ ನಿಯಮ ನಮ್ಮ ಛಂದಸ್ಸನ್ನು ಬಲ್ಲವರಿಗೆ ತಟ್ಟನೆ ಅರ್ಥವಾಗುತ್ತದೆ: ಕೊನೆಯಿಂದ ಎರಡನೆಯ ಅಕ್ಷರ ಗುರುವಾಗಿದ್ದರೆ ಒತ್ತು ಅದರ ಮೇಲೆ, ಲಘುವಾಗಿದ್ದರೆ ಅದರ ಹಿಂದಿನ ಅಕ್ಷರದ ಮೇಲೆ. ‘ಮೆ’ ಎಂಬುದರ ಮುಂದೆ ‘ತ್ರ’ ಎಂಬ ಸಂಯುಕ್ತಾಕ್ಷರವಿದ್ದರೂ, ಹಿಂದಿನ ಅಕ್ಷರವನ್ನು ಗುರುವಾಗಿಸದ ಹಳಗನ್ನಡದ ಶಿಥಿಲದ್ವಿತ್ವವನ್ನು ನೆನಪಿಸುವಂತೆ, ಲ್ಯಾಟಿನ್ ಅದನ್ನು ಲಘುವೆಂದೇ ಎಣಿಸುತ್ತದೆ. ಒತ್ತು ಹಿಂದೆ ಸರಿದು ‘ಲೊ’ ಮೇಲೆ ಕೂರುತ್ತದೆ. ಇಂಗ್ಲಿಷಿನ ಥರ್ˈಮಾಮಿಟರ್ ಬಳಗವೂ ಈ ಲಯವನ್ನೇ ಅನುಸರಿಸುತ್ತದೆ.

ತೊಡಕಿರುವುದು ವಾದದ ಉದ್ದಳತೆಯಲ್ಲಿ. ಅದು ಸಾಬೀತುಪಡಿಸಬೇಕಾದ್ದಕ್ಕಿಂತ ಹೆಚ್ಚನ್ನು ಸಾಬೀತುಪಡಿಸಿಬಿಡುತ್ತದೆ. ಅದೇ ಲ್ಯಾಟಿನ್ ನಿಯಮವನ್ನು ಸೆಂಟಿಮೀಟರಿಗೂ ಮಿಲಿಮೀಟರಿಗೂ ಹಚ್ಚಿದರೆ ಅವು ಸೆನ್ˈಟಿಮಿಟರ್, ಮಿˈಲಿಮಿಟರ್ ಆಗಬೇಕು. ಹಾಗೆ ಹೇಳುವ ಇಂಗ್ಲಿಷ್ ಮಾತುಗಾರರಿಲ್ಲ, ವಿಟ್ಲಮ್ ಪಕ್ಷದವರೂ ಕೇಳಲಿಲ್ಲ. ಗ್ರೀಕರು ತಮ್ಮ ಅಳತೆಯ ಪದಗಳಿಗೂ ಉಪಕರಣದ ಪದಗಳಿಗೂ ಒಂದೇ ಒತ್ತು ಕೊಡುತ್ತಾರೆ, ಥೆರ್ˈಮೊಮೆತ್ರೊ ಎಂಬುದೂ ಖಿಲಿˈಯೊಮೆತ್ರೊ ಎಂಬುದೂ ಅವರಿಗೆ ಒಂದೇ ಲಯ. ಇಂಗ್ಲಿಷ್ ಆ ಎರಡನ್ನು ಬೇರ್ಪಡಿಸಿಕೊಂಡಿದೆ. ಆದ್ದರಿಂದ ಗ್ರೀಕ್ ಮೂಲವನ್ನು ಸಾಕ್ಷಿಗೆ ಕರೆದರೆ ಅದು ಗ್ರೀಕಿನ ಬಗ್ಗೆ ಸಾಕ್ಷಿ ನುಡಿಯುತ್ತದೆಯೇ ಹೊರತು ಇಂಗ್ಲಿಷಿನ ಬಗ್ಗೆ ಅಲ್ಲ.

ಮಂಡಳಿಯ ನಿಲುವು ಹೆಚ್ಚು ವ್ಯವಸ್ಥಿತ ಎಂಬುದು ನನ್ನ ಅಭಿಪ್ರಾಯ. ಇಂಗ್ಲಿಷ್ ತಾನಾಗಿಯೇ ಕಟ್ಟಿಕೊಂಡಿರುವ ಭೇದವೊಂದನ್ನು ಅದು ಕಾಪಾಡುತ್ತದೆ. ಆ ಭೇದ ಎಷ್ಟು ಉಪಯುಕ್ತ ಎಂಬುದಕ್ಕೆ ಒಂದು ಜೋಡಿ ಪದ ಸಾಕು. ಮಿಲಿಮೀಟರಿನ ಸಾವಿರದ ಒಂದು ಭಾಗವಾದ ಘಟಕ ˈಮೈಕ್ರೊಮೀಟರ್. ಲೇತ್ ಯಂತ್ರದ ಪಕ್ಕದಲ್ಲಿಟ್ಟುಕೊಂಡು ಕಂಬಿಯ ದಪ್ಪ ಅಳೆಯುವ ತಿರುಪಿನ ಉಪಕರಣ ಮೈˈಕ್ರಾಮಿಟರ್. ಕಾಗುಣಿತ ಒಂದೇ ಆಗಿರುವ ಅಮೆರಿಕದ ಕಾರ್ಖಾನೆಯಲ್ಲೂ ಒತ್ತೊಂದೇ ಇವೆರಡನ್ನು ಬೇರೆ ಮಾಡುತ್ತದೆ. ಆದರೆ ವ್ಯವಸ್ಥಿತವಾದದ್ದೇ ಗೆಲ್ಲಬೇಕೆಂಬ ನಿಯಮ ಭಾಷೆಯಲ್ಲಿಲ್ಲ. ಕಿಲೋಮೀಟರ್ ಎಂಬ ಉಪಕರಣ ಇಲ್ಲದ ಕಾರಣ, ಆ ಪದವನ್ನು ಉಪಕರಣದ ಲಯದಲ್ಲಿ ಹೇಳಿದರೂ ಯಾರಿಗೂ ಅರ್ಥ ಕೆಡುವುದಿಲ್ಲ. ಭೇದದಿಂದ ಪ್ರಯೋಜನವಿದ್ದ ಮೈಕ್ರೊಮೀಟರಿನಲ್ಲಿ ಅದು ಉಳಿಯಿತು, ಪ್ರಯೋಜನವಿಲ್ಲದ ಕಡೆ ಸಡಿಲವಾಯಿತು.

ಎರಡೂ ಪಕ್ಷಗಳು ಜಗಳವಿಲ್ಲದೆ ಒಪ್ಪುವ ಒಂದು ರೂಪವೂ ಇದೆ. ‘ಇಕ್’ ಪ್ರತ್ಯಯ ಸೇರಿದರೆ ಒತ್ತು ಅದರ ಹಿಂದಿನ ಅಕ್ಷರಕ್ಕೆ ಹೋಗಲೇಬೇಕು: ಬˈರಾಮಿಟರ್ ಎಂಬುದು ಬ್ಯಾರˈಮೆಟ್ರಿಕ್, ˈಮೀಟರ್ ಎಂಬುದು ˈಮೆಟ್ರಿಕ್. ಹಾಗೆಯೇ ˈಕಿಲಮೀಟರ್ ಎನ್ನುವವರೂ ಕಿˈಲಾಮಿಟರ್ ಎನ್ನುವವರೂ ವಿಶೇಷಣ ಮಾಡುವಾಗ ಕಿಲˈಮೆಟ್ರಿಕ್ ಎಂದೇ ಹೇಳುತ್ತಾರೆ. ಪ್ರತ್ಯಯದ ಬಲ ಸ್ಪಷ್ಟವಾಗಿರುವಲ್ಲಿ ಮಾತುಗಾರನಿಗೆ ಆಯ್ಕೆಯೇ ಉಳಿಯುವುದಿಲ್ಲ. ಆಯ್ಕೆ ಹುಟ್ಟುವುದು ಪದವನ್ನು ಎರಡು ಬಗೆಯಲ್ಲಿ ಬಿಡಿಸಲು ಸಾಧ್ಯವಿರುವಾಗ. ‘ಕಿಲೊ’ ಮತ್ತು ‘ಮೀಟರ್’ ಎಂದು ಬಿಡಿಸಿ ಕೇಳುವ ಕಿವಿ ಮೊದಲಕ್ಷರವನ್ನು ಒತ್ತುತ್ತದೆ. ಇಡೀ ಪದವನ್ನು ಒಂದೇ ಎರಕದ್ದಾಗಿ ಕೇಳುವ ಕಿವಿ ಎರಡನೆಯದನ್ನು ಒತ್ತುತ್ತದೆ.

ಕನ್ನಡದ ಕಿವಿಗೆ

ನಮ್ಮಲ್ಲಿ ತೂಕ ಮತ್ತು ಅಳತೆಗಳ ಕಾನೂನು 1956ರಲ್ಲಿ ಬಂತು, ಮೆಟ್ರಿಕ್ ಪದ್ಧತಿ 1958ರ ಅಕ್ಟೋಬರಿನಿಂದ ಹಂತಹಂತವಾಗಿ ಜಾರಿಯಾಯಿತು. ಹರದಾರಿ, ಮೈಲಿಗಳ ಜಾಗಕ್ಕೆ ಕಿಲೋಮೀಟರು ಬಂತು. ಉಚ್ಚಾರಣೆಯ ಜಗಳ ಇಲ್ಲಿ ಆಗಲೇ ಇಲ್ಲ, ಆಗುವುದು ಸಾಧ್ಯವೂ ಇರಲಿಲ್ಲ. ಕನ್ನಡ ಆ ಪದವನ್ನು ‘ಕಿಲೋ’ ಮತ್ತು ‘ಮೀಟರ್’ ಎರಡರ ದೀರ್ಘಗಳನ್ನೂ ಉಳಿಸಿ ಸ್ವೀಕರಿಸಿತು. ಆಸ್ಟ್ರೇಲಿಯನ್ನರು ಯಾವ ಸ್ವರವನ್ನು ಬಲಿಕೊಡಬೇಕೆಂದು ವಾದಿಸುತ್ತಿದ್ದರೋ, ಅಂಥ ಬಲಿಯನ್ನು ನಮ್ಮ ಉಚ್ಚಾರಣೆ ಕೇಳುವುದೇ ಇಲ್ಲ. ಹಳ್ಳಿಯ ಮಾತಿನಲ್ಲಿ ಅದು ‘ಕಿಲೋಮೀಟ್ರು’ ಆದಾಗಲೂ ಹೋದದ್ದು ‘ಟ’ದಲ್ಲಿನ ಸ್ವರವಷ್ಟೇ.

ಆದರೆ ಇದೇ ಪ್ರಾಮಾಣಿಕತೆ ಉಪಕರಣಗಳ ಪದಗಳಲ್ಲಿ ತೊಂದರೆ ಕೊಡುತ್ತದೆ. ಥರ್ಮಾಮೀಟರ್, ಬ್ಯಾರೋಮೀಟರ್, ಸ್ಪೀಡೋಮೀಟರ್ ಎಂದು ನಾವು ಬರೆಯುವಾಗಲೂ ಹೇಳುವಾಗಲೂ ‘ಮೀಟರ್’ ಇಡಿಯಾಗಿರುತ್ತದೆ. ಆಟೊದವರಿಗೆ ‘ಮೀಟರ್ ಹಾಕಿ’ ಎನ್ನುವಾಗಿನ ಮೀಟರೂ ಅದು ಎಣಿಸುವ ಕಿಲೋಮೀಟರಿನ ಮೀಟರೂ ನಮಗೆ ಒಂದೇ. ಕನ್ನಡದೊಳಗೆ ಇದು ದೋಷವಲ್ಲ. ಇದೇ ರೂಪವನ್ನು ಇಂಗ್ಲಿಷ್ ವಾಕ್ಯದೊಳಕ್ಕೆ ಒಯ್ದಾಗ, ಹೊರನಾಡಿನ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ ನರ್ಸ್ ‘ಥರ್ಮೋಮೀಟರ್’ ಎಂದಾಗ, ಕೇಳುವವರು ನಿರೀಕ್ಷಿಸುವ ‘ಮಾ’ ಮೇಲಿನ ಒತ್ತು ಅಲ್ಲಿ ಸಿಗುವುದಿಲ್ಲ. ಭಾರತೀಯರ ಇಂಗ್ಲಿಷ್ ಹೊರಗಿನವರಿಗೆ ಎಷ್ಟು ತಿಳಿಯುತ್ತದೆ ಎಂದು ಆರ್. ಕೆ. ಬನ್ಸಲ್ ನಡೆಸಿ 1969ರಲ್ಲಿ ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯಿಂದ ಪ್ರಕಟವಾದ ಅಧ್ಯಯನ, ಪದದ ಒತ್ತು ತಪ್ಪುವುದನ್ನು ಮುಖ್ಯ ಅಡಚಣೆಗಳಲ್ಲಿ ಒಂದೆಂದು ಗುರುತಿಸಿತ್ತು. ಇದಕ್ಕೆ ಎದುರಾಗಿ, ಇಂಗ್ಲಿಷ್ ಮಾತೃಭಾಷೆಯಲ್ಲದವರೇ ಪರಸ್ಪರ ಮಾತಾಡುವಾಗ ಪದದ ಒತ್ತು ಅಷ್ಟು ಅನಿವಾರ್ಯವಲ್ಲ ಎಂದು ಜೆನಿಫರ್ ಜೆಂಕಿನ್ಸ್ 2000ದಲ್ಲಿ ವಾದಿಸಿದರು. ಯಾರೊಂದಿಗೆ ಮಾತಾಡುತ್ತಿದ್ದೇವೆ ಎಂಬುದರ ಮೇಲೆ ಎರಡೂ ನಿಜವಾಗಬಹುದು.

ಕಲಿಯುವವರಿಗೆ ಈ ಪ್ರಕರಣದಿಂದ ಸಿಗುವ ಕೆಲಸದ ಸೂತ್ರ ಸರಳ. ಪದ ಉಪಕರಣದ ಹೆಸರಾಗಿದ್ದು ‘ಒ’ದಿಂದ ಬೆಸೆದಿದ್ದರೆ ಆ ‘ಒ’ವನ್ನು ಒತ್ತಿ, ‘ಮೀ’ಯನ್ನು ‘ಮಿ’ಗೆ ಇಳಿಸಬೇಕು. ಬೆಸುಗೆಯ ಸ್ವರವಿಲ್ಲದೆ ನೇರವಾಗಿ ಜೋಡಿಸಿದ ˈವೋಲ್ಟ್‌ಮೀಟರ್, ˈಪಾರ್ಕಿಂಗ್ ಮೀಟರ್‌ಗಳಿಗೆ ಇದು ಅನ್ವಯಿಸದು; ಅವು ಸಾಮಾನ್ಯ ಸಮಾಸಗಳಂತೆ ಮೊದಲ ಪದವನ್ನೇ ಒತ್ತುತ್ತವೆ. ಪದ ಘಟಕದ ಹೆಸರಾಗಿದ್ದರೆ ಮೊದಲಕ್ಷರವನ್ನು ಒತ್ತಿ ‘ಮೀಟರ್’ ಅನ್ನು ಹಾಗೆಯೇ ಬಿಡಬೇಕು. ಕಿಲೋಮೀಟರಿಗೆ ಬಂದಾಗ ಎರಡರಲ್ಲಿ ಯಾವುದನ್ನಾದರೂ ಆರಿಸಬಹುದು. ನಾನು ತರಗತಿಯಲ್ಲಿ ˈಕಿಲಮೀಟರ್ ಅನ್ನೇ ಹೇಳಿಕೊಡುತ್ತೇನೆ. ಸೆಂಟಿಮೀಟರ್, ಮಿಲಿಮೀಟರ್‌ಗಳ ಸಾಲಿನಲ್ಲಿ ಅದನ್ನು ಪ್ರತ್ಯೇಕವಾಗಿ ನೆನಪಿಟ್ಟುಕೊಳ್ಳುವ ಹೊರೆ ಇರುವುದಿಲ್ಲ, ಕನ್ನಡ ಮಾತಾಡುವವರ ನಾಲಗೆ ಆಗಲೇ ಅದರ ಹತ್ತಿರದಲ್ಲಿದೆ ಎಂಬುದು ಅದಕ್ಕೆ ಕಾರಣ. ಒಬ್ಬ ವಿದ್ಯಾರ್ಥಿ ಕಿˈಲಾಮಿಟರ್ ಎಂದರೆ ತಿದ್ದುವುದಿಲ್ಲ. ಒಂದೇ ಉಸಿರಿನಲ್ಲಿ ಎರಡನ್ನೂ ಬೆರೆಸಿ ‘ಲಾ’ವನ್ನೂ ಒತ್ತಿ ‘ಮೀ’ಯನ್ನೂ ಎಳೆದರೆ ಮಾತ್ರ ತಿದ್ದಬೇಕಾಗುತ್ತದೆ, ಏಕೆಂದರೆ ಆ ರೂಪ ಯಾವ ಮನೆಗೂ ಸೇರಿದ್ದಲ್ಲ.

ಆಸ್ಟ್ರೇಲಿಯಾದಲ್ಲಿ ಮಂಡಳಿಯ ಘೋಷಣೆ ಜನರ ಬಾಯನ್ನು ಕಟ್ಟಲಿಲ್ಲ. ವಿಟ್ಲಮ್ 1975ರ ನವೆಂಬರ್ 11ರಂದು ಅಧಿಕಾರದಿಂದ ವಜಾ ಆದ ಮೇಲೂ ಅವರು ಹಿಡಿದ ಉಚ್ಚಾರಣೆ ಹರಡುತ್ತಲೇ ಹೋಯಿತು. ಇಂದು ಎರಡೂ ಅಲ್ಲಿ ಕೇಳಿಬರುತ್ತವೆ. ಅಲ್ಲಿನ ಆಡುಮಾತು ಬಹಳಷ್ಟು ಸಲ ಈ ಆಯ್ಕೆಯನ್ನೇ ಬದಿಗಿಟ್ಟು, ದೂರವನ್ನು ಬರೀ ‘ಕೇ’ ಎಂಬ ಅಕ್ಷರದ ಬಹುವಚನದಲ್ಲಿ ‘ಇಪ್ಪತ್ತು ಕೇಸ್’ ಎಂಬಂತೆ ಹೇಳುತ್ತದೆ. ಒಂದೇ ಅಕ್ಷರದ ಪದದಲ್ಲಿ ಒತ್ತು ಎಲ್ಲಿ ಎಂಬ ಪ್ರಶ್ನೆ ಏಳುವುದಿಲ್ಲ. ನಮ್ಮ ಚಾಲಕರೂ ‘ಇನ್ನು ಐವತ್ತು ಕೆ.ಎಂ.’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಹಾಗೆ ಹೇಳುವುದಾದರೆ, ಅಕ್ಷರಗಳನ್ನು ಒಂದೊಂದಾಗಿ ಓದುವ ಸಂಕ್ಷಿಪ್ತ ರೂಪಗಳಲ್ಲಿ ಮುಖ್ಯ ಒತ್ತು ಕೊನೆಯ ಅಕ್ಷರಕ್ಕೆ ಬೀಳುವುದರಿಂದ, ಅದು ಕೇˈಎಮ್.